ಸಮರಕ್ರೀಡೆಯಲ್ಲಿ ನಿಯಮ ಮತ್ತು ಬೊಂಬೆ

ಆಟವೆಂಬುದು ಕಣ್ಣಿಗೆ ಕಾಣುವ ಕಾಯಿ ಮತ್ತು ಕಣ್ಣಿಗೆ ಕಾಣದ ಕಟ್ಟಳೆ ಎಂಬ ಎರಡರ ಕೂಟದಿಂದ ಹುಟ್ಟುವಂಥದು. ಹಳ್ಳಿಯ ಗುಡಿಯ ಜಗಲಿಗಲ್ಲಿನ ಮೇಲೆ ಕೊರೆದಿರುವ ಆಡು-ಹುಲಿ ಆಟದ ಮನೆಗಳನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಹುಲಿಗೆ ಹುಲಿಯ ರೂಪವಿಲ್ಲ, ಆಡಿಗೆ ಆಡಿನ ರೂಪವಿಲ್ಲ. ದೊಡ್ಡ ಹರಳು ಹುಲಿ, ಸಣ್ಣ ಹರಳು ಆಡು. ಆದರೂ ಆಟಕ್ಕೆ ಯಾವ ಕೊರತೆಯೂ ಕಾಣದು. ಇದಕ್ಕೆ ತದ್ವಿರುದ್ಧವಾಗಿ, ನವರಾತ್ರಿಯಲ್ಲಿ ಮೆಟ್ಟಿಲುಗಳ ಮೇಲೆ ಕೂರಿಸುವ ಬೊಂಬೆಗಳಿಗೆ ರೂಪವಿದೆ, ಬಣ್ಣವಿದೆ, ಅಲಂಕಾರವಿದೆ. ಆದರೆ ಅವುಗಳನ್ನು ನಡೆಸುವ ಕಟ್ಟಳೆಯಿಲ್ಲ. ಅವು ನೋಟಕ್ಕೆ ಮೀಸಲು.

ಈ ಎರಡನ್ನೂ ಒಂದೇ ಮೇಜಿನ ಮೇಲೆ ಕೂಡಿಸುವ ಕ್ರೀಡೆಯೊಂದು ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಎರಡೂವರೆ ಶತಮಾನಗಳಿಂದ ಬೆಳೆದುಬಂದಿದೆ. ಇಂಗ್ಲಿಷಿನಲ್ಲಿ ಅದು ವಾರ್‌ಗೇಮ್. ಕನ್ನಡದಲ್ಲಿ ಸಮರಕ್ರೀಡೆ ಎನ್ನಬಹುದು. ಬೆರಳುದ್ದದ ಸೈನಿಕ ಬೊಂಬೆಗಳನ್ನು ಗುಡ್ಡ, ತೋಪು, ಹಳ್ಳಿಗಳ ಪ್ರತಿಕೃತಿಗಳ ನಡುವೆ ನಿಲ್ಲಿಸಿ, ಅಳತೆಕೋಲಿನಿಂದ ನಡೆಯನ್ನು ಅಳೆದು, ದಾಳಗಳನ್ನು ಉರುಳಿಸಿ ಸೋಲುಗೆಲುವನ್ನು ನಿರ್ಣಯಿಸುವುದು ಅದರ ಕ್ರಮ. ಈ ಕ್ರೀಡೆಯ ಅಭಿಮಾನಿಗಳಲ್ಲಿ ಬಹುಕಾಲದಿಂದ ಒಂದು ವಾದ ನಡೆದಿದೆ. ಮುಖ್ಯವಾದುದು ನಿಯಮವೋ, ಬೊಂಬೆಯೋ? ಮೇಲುನೋಟಕ್ಕೆ ಇದು ಹವ್ಯಾಸಿಗಳ ಹರಟೆಯಂತೆ ತೋರಿದರೂ, ಆಟದ ಚರಿತ್ರೆಯನ್ನು ಪರಿಶೀಲಿಸಿದಲ್ಲಿ ಶಿಕ್ಷಣಕ್ಕೂ ಲೋಕವ್ಯವಹಾರಕ್ಕೂ ಸಂಬಂಧಿಸಿದ ಗಂಭೀರವಾದ ವಿಷಯವೊಂದು ಇದರಲ್ಲಿ ಅಡಗಿರುವುದು ಕಂಡುಬರುತ್ತದೆ.

ಚದುರಂಗದಿಂದ ನಕ್ಷೆಯ ಕಡೆಗೆ

ಸಮರಕ್ರೀಡೆಯ ಮೂಲ ಭಾರತದ ಚತುರಂಗದಲ್ಲಿದೆ. ರಥ, ಗಜ, ತುರಗ, ಪದಾತಿಗಳೆಂಬ ಸೇನಾಂಗಗಳು ಅದಕ್ಕೆ ಹೆಸರನ್ನು ಕೊಟ್ಟವು. ಆದರೆ ಆಟ ದೇಶಾಂತರಗಳಲ್ಲಿ ಸಂಚರಿಸಿದಂತೆ ಕಾಯಿಗಳ ರೂಪ ಬದಲಾಯಿತು, ನಿಯಮದ ತಿರುಳು ಉಳಿಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯ ನಡೆಯೊಂದನ್ನೇ ಆಧಾರವಾಗಿಟ್ಟುಕೊಂಡು ಮಣೆಯ ಅರವತ್ತನಾಲ್ಕು ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿಬರುವ ಬಂಧಗಳನ್ನು ರಚಿಸಿದ್ದರು. ಅಲ್ಲಿ ಕುದುರೆ ದಂತದ್ದೋ ಮರದ್ದೋ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಒಂದು ನಿಯಮವೇ ಇಡಿಯ ವಿದ್ಯೆಯಾಗಿ ಅರಳಿದೆ.

ಜರ್ಮನಿಯ ಬ್ರುನ್ಸ್‌ವಿಕ್ ಪಟ್ಟಣದಲ್ಲಿ ಗಣಿತದ ಅಧ್ಯಾಪಕನಾಗಿದ್ದ ಯೋಹಾನ್ ಹೆಲ್ವಿಗ್ ಎಂಬಾತ ಈ ಚದುರಂಗವನ್ನೇ ವಿಸ್ತರಿಸಿ, ಸೇನಾಧಿಕಾರಿಗಳಾಗಲಿದ್ದ ತರುಣರ ಶಿಕ್ಷಣಕ್ಕಾಗಿ ೧೭೮೦ರಲ್ಲಿ ಒಂದು ಯುದ್ಧದಾಟವನ್ನು ಪ್ರಕಟಿಸಿದನು. ಅವನ ಮಣೆಯಲ್ಲಿ ೧,೬೧೭ ಮನೆಗಳಿದ್ದವು. ಬೆಟ್ಟ, ಜೌಗು, ನೀರು ಮುಂತಾದವುಗಳನ್ನು ಮನೆಗಳ ಬಣ್ಣದಿಂದ ಸೂಚಿಸಲಾಗಿತ್ತು. ಸಮರಕ್ರೀಡೆಯನ್ನು ರೂಪಿಸಿದ ಮೊದಲಿಗರಲ್ಲಿ ಒಬ್ಬನು ಉಪಾಧ್ಯಾಯನಾಗಿದ್ದನೆಂಬುದು ಗಮನಾರ್ಹ ಸಂಗತಿ.

ಮುಂದಿನ ಹೆಜ್ಜೆಯನ್ನು ಇಟ್ಟವರು ಪ್ರಷ್ಯದ ತಂದೆ-ಮಗ. ತಂದೆ ಗೇಯಾರ್ಗ್ ಲಿಯೊಪೋಲ್ಡ್ ಫಾನ್ ರೈಸ್ವಿಟ್ಸ್ ಚೌಕಮನೆಗಳನ್ನು ತೊರೆದು, ನಿಜವಾದ ನೆಲವನ್ನು ಹೋಲುವ ಬಣ್ಣದ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಬಹುದಾದ ಭವ್ಯವಾದ ಮೇಜೊಂದನ್ನು ಮಾಡಿಸಿ, ೧೮೧೨ರಲ್ಲಿ ಮೂರನೆಯ ಫ್ರೀಡ್ರಿಕ್ ವಿಲ್ಹೆಲ್ಮ್ ದೊರೆಗೆ ಅರ್ಪಿಸಿದನು. ರಾಜಕುಮಾರರು ಅದರ ಮೇಲೆ ಆಡಿ ಸಂತೋಷಪಟ್ಟರು. ಮಗನು ಮಾತ್ರ ಬೇರೆ ದಾರಿಯನ್ನು ಹಿಡಿದನು. ೧೮೨೪ರಲ್ಲಿ ಅವನು ಪ್ರಕಟಿಸಿದ ಆಟಕ್ಕೆ ಬೇಕಾದುದು ಒಂದಕ್ಕೆ ಎಂಟು ಸಾವಿರದ ಪ್ರಮಾಣದ ಕಾಗದದ ನಕ್ಷೆ, ಕೆಂಪು-ನೀಲಿ ಬಣ್ಣ ಬಳಿದ ಪುಟ್ಟ ಲೋಹದ ತುಂಡುಗಳು, ದಾಳ ಹಾಗೂ ಒಂದು ನಿಯಮಪುಸ್ತಕ. ಆಟದ ಒಂದು ಸರದಿ ಯುದ್ಧಭೂಮಿಯ ಎರಡು ನಿಮಿಷಗಳಿಗೆ ಸಮ. ಆ ಎರಡು ನಿಮಿಷಗಳಲ್ಲಿ ಕಾಲಾಳು ಎಷ್ಟು ದೂರ ನಡೆಯಬಲ್ಲನೋ ಅಷ್ಟೇ ದೂರ ಅವನ ತುಂಡು ಸರಿಯಬೇಕು. ಎದುರಾಳಿಯ ಸೈನ್ಯ ನಿಜವಾದ ಯುದ್ಧದಲ್ಲಿ ಕಣ್ಣಿಗೆ ಬೀಳುವಂತಿದ್ದರೆ ಮಾತ್ರ ನಕ್ಷೆಯ ಮೇಲೆ ಕಾಣಿಸಬೇಕು. ಅದನ್ನು ನಿರ್ಧರಿಸಲು ಒಬ್ಬ ಮಧ್ಯಸ್ಥ.

ಪ್ರಷ್ಯದ ದಂಡಿನ ಮುಖ್ಯಾಧಿಕಾರಿಗಳಲ್ಲೊಬ್ಬನಾದ ಜನರಲ್ ಫಾನ್ ಮ್ಯುಫ್ಲಿಂಗ್ ಇದನ್ನು ಮೊದಲು ಉದಾಸೀನದಿಂದಲೇ ನೋಡತೊಡಗಿ, ಆಟ ಮುಂದುವರಿದಂತೆ ಇದು ಬರಿಯ ಆಟವಲ್ಲ, ಯುದ್ಧದ ಪಾಠಶಾಲೆ ಎಂದು ಹೊಗಳಿದನೆಂದು ಪ್ರಸಿದ್ಧಿಯಿದೆ. ಆಟದ ಪೆಟ್ಟಿಗೆಗಳು ದಂಡಿನ ಪಡೆಪಡೆಗೂ ತಲುಪಿದವು. ದುರದೃಷ್ಟವಶಾತ್ ಆ ತರುಣ ರೈಸ್ವಿಟ್ಸ್ ೧೮೨೭ರಲ್ಲಿ ಆತ್ಮಹತ್ಯೆ ಮಾಡಿಕೊಂಡನು; ತನ್ನ ಕೃತಿಯ ಸಫಲತೆಯನ್ನು ಕಾಣಲು ಅವನು ಉಳಿಯಲಿಲ್ಲ. ೧೮೭೧ರಲ್ಲಿ ಫ್ರಾನ್ಸಿನ ಮೇಲೆ ಪ್ರಷ್ಯ ಸಾಧಿಸಿದ ವಿಜಯದ ಬಳಿಕ ಇತರ ದೇಶಗಳೂ ಈ ಆಟವನ್ನು ಅಭ್ಯಸಿಸತೊಡಗಿದವು. ತಂದೆಯ ಸುಂದರವಾದ ಮೇಜು ಅರಮನೆಯ ವಸ್ತುವಾಗಿ ಉಳಿಯಿತು. ಮಗನ ನಿಯಮಪುಸ್ತಕ ದೇಶ ಸುತ್ತಿತು. ವಸ್ತು ಇದ್ದೆಡೆಯಲ್ಲೇ ಇರುತ್ತದೆ, ನಿಯಮ ಸಂಚರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಆದರೆ ನಿಯಮಕ್ಕೂ ಅತಿರೇಕವುಂಟು. ಕೋಷ್ಟಕಗಳು ಹೆಚ್ಚುತ್ತ ಹೋಗಿ, ಒಂದು ಸರದಿಯ ಲೆಕ್ಕ ಮುಗಿಯುವಷ್ಟರಲ್ಲಿ ಅಧಿಕಾರಿಗಳ ಉತ್ಸಾಹವೇ ಬತ್ತುವಂತಾಯಿತು. ೧೮೭೬ರಲ್ಲಿ ಫೆರ್ಡಿ ದು ವೆರ್ನ್ವಾ ಎಂಬ ಸೇನಾನಿ ಕೋಷ್ಟಕಗಳನ್ನೂ ದಾಳಗಳನ್ನೂ ಬದಿಗಿಟ್ಟು, ಅನುಭವಿಯಾದ ಮಧ್ಯಸ್ಥನ ವಿವೇಕಕ್ಕೇ ನಿರ್ಣಯವನ್ನು ಒಪ್ಪಿಸಬೇಕೆಂದು ಪ್ರತಿಪಾದಿಸಿದನು. ಇದರಿಂದ ಆಟ ಚುರುಕಾಯಿತು. ಜೊತೆಗೇ ಮಧ್ಯಸ್ಥನು ನಿಷ್ಪಕ್ಷಪಾತಿಯಲ್ಲದಿದ್ದರೆ ಗತಿಯೇನು ಎಂಬ ಪ್ರಶ್ನೆಯೂ ಹುಟ್ಟಿತು. ಆ ಪ್ರಶ್ನೆಗೆ ಉತ್ತರ ದೊರೆತುದು ಮುಂದಿನ ಶತಮಾನದಲ್ಲಿ.

ಬೊಂಬೆಯ ಕರೆ

ಇಷ್ಟನ್ನು ಕೇಳಿದವರು ಬೊಂಬೆಗೆ ಬೆಲೆಯೇ ಇಲ್ಲವೆಂದು ತೀರ್ಮಾನಿಸಿದರೆ ಅದು ಆತುರದ ತೀರ್ಮಾನವಾದೀತು. ಲೋಹದ ತುಂಡುಗಳಿಂದ ದಂಡಿನ ಅಧಿಕಾರಿಗಳಿಗೆ ತೃಪ್ತಿಯಾಗಬಹುದು. ಸಾಮಾನ್ಯ ಜನರನ್ನು ಈ ಕ್ರೀಡೆಯತ್ತ ಸೆಳೆದುದು ಬೊಂಬೆಯೇ. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ ಸ್ವಿಟ್ಸರ್ಲೆಂಡಿನ ದಾವೋಸ್‌ನಲ್ಲಿ ಆರೋಗ್ಯಕ್ಕಾಗಿ ತಂಗಿದ್ದ ದಿನಗಳಲ್ಲಿ, ಹೆಂಡತಿಯ ಮೊದಲ ಮದುವೆಯ ಮಗನಾದ ಬಾಲಕ ಲಾಯ್ಡ್ ಆಸ್ಬರ್ನ್‌ನೊಡನೆ ಸೀಸದ ಸೈನಿಕರನ್ನು ಸಾಲುಗಟ್ಟಿ ನಿಲ್ಲಿಸಿ ಯುದ್ಧದಾಟದಲ್ಲಿ ಮುಳುಗುತ್ತಿದ್ದನು. ೧೮೯೩ರಲ್ಲಿ ಲಂಡನ್ನಿನ ಬ್ರಿಟನ್ ಕುಟುಂಬದ ಕಾರ್ಖಾನೆ ಒಳಗೆ ಟೊಳ್ಳಾಗಿರುವಂತೆ ಸೀಸದ ಬೊಂಬೆಗಳನ್ನು ಎರಕಹೊಯ್ಯುವ ವಿಧಾನವನ್ನು ತಂದಿತು. ಸೀಸ ಕಡಿಮೆ ಬಿದ್ದುದರಿಂದ ಬೆಲೆ ಇಳಿದು, ಮಧ್ಯಮವರ್ಗದ ಮನೆಗಳ ಮಕ್ಕಳ ಕೈಗೂ ಸೈನ್ಯಗಳು ಬಂದವು.

ಹೆಸರಾಂತ ಲೇಖಕ ಎಚ್. ಜಿ. ವೆಲ್ಸ್ ೧೯೧೩ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಚಿಕ್ಕ ಪುಸ್ತಕವನ್ನು ಪ್ರಕಟಿಸಿದನು. ಅದರ ಹುಟ್ಟಿಗೆ ಕಾರಣ ಒಂದು ಆಟಿಕೆ ತೋಪು. ಸುರುಳಿಯ ಬಲದಿಂದ ಅಂಗುಲದಷ್ಟು ಉದ್ದದ ಮರದ ಗುಂಡನ್ನು ಹಾರಿಸುವ ಆ ತೋಪು ಒಂಬತ್ತು ಗಜಗಳಾಚೆ ನಿಂತ ಬೊಂಬೆಯನ್ನು ಬಹುಮಟ್ಟಿಗೆ ತಪ್ಪದೆ ಉರುಳಿಸಬಲ್ಲದಾಗಿತ್ತು. ಊಟದ ಬಳಿಕ ಗೆಳೆಯನೊಬ್ಬನು ಹುಡುಗಾಟಕ್ಕೆ ಗುರಿಯಿಟ್ಟುದೇ ಮೊದಲು. ಎದುರಾಳಿಯೂ ಗುಂಡು ಹಾರಿಸತೊಡಗಿದ ಒಡನೆಯೇ ಯಾರು ಎಷ್ಟು ಸರಿಯಬಹುದು, ಯಾವಾಗ ಹಾರಿಸಬಹುದು ಎಂಬ ವಿವಾದ ಹುಟ್ಟಿತು. ವಿವಾದದಿಂದ ನಿಯಮ ಹುಟ್ಟಿತು. ಕಾಲಾಳಿಗೆ ಒಂದು ಅಡಿ, ಕುದುರೆಯಾಳಿಗೆ ಎರಡು ಅಡಿ. ತೋಪು ಹಾರಬೇಕಾದರೆ ಅದರಿಂದ ಆರು ಅಂಗುಲದೊಳಗೆ ನಾಲ್ವರು ಸೈನಿಕರಿರಬೇಕು. ಇಂಥ ಕೆಲವೇ ಕಟ್ಟಳೆಗಳಿಂದ ನೆಲದ ಮೇಲಿನ ಹುಡುಗಾಟ ಯೋಚನೆಯ ಆಟವಾಗಿ ಮಾರ್ಪಟ್ಟಿತು.

ಇಲ್ಲಿ ಕ್ರಮ ತಿರುವುಮುರುವಾಗಿರುವುದನ್ನು ಗಮನಿಸಬೇಕು. ರೈಸ್ವಿಟ್ಸನಲ್ಲಿ ನಿಯಮ ಮೊದಲು, ತುಂಡು ಆಮೇಲೆ. ವೆಲ್ಸನಲ್ಲಿ ಬೊಂಬೆ ಮೊದಲು, ಅದರ ಹಿಂದೆಯೇ ನಿಯಮ. ಬೊಂಬೆ ಮನಸ್ಸನ್ನು ಕರೆಯಿತು. ಬಂದ ಮನಸ್ಸನ್ನು ನಿಯಮ ನಿಲ್ಲಿಸಿಕೊಂಡಿತು. ಪುಸ್ತಕದ ಕೊನೆಯಲ್ಲಿ ವೆಲ್ಸ್, ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಮಹಾಯುದ್ಧ ಎಷ್ಟು ಎಡವಟ್ಟಿನ ಕಾರ್ಯವೆಂಬುದು ಮನವರಿಕೆಯಾಗುತ್ತದೆ ಎಂಬ ಅಭಿಪ್ರಾಯವನ್ನು ಮುಂದಿಟ್ಟನು. ಮರುವರ್ಷವೇ, ೧೯೧೪ರಲ್ಲಿ, ಯುರೋಪು ಆ ಮಹಾಯುದ್ಧಕ್ಕೆ ಧುಮುಕಿತು.

ಬೊಂಬೆ ಹೇಳುವುದು, ನಿಯಮ ತಿದ್ದುವುದು

ಬೊಂಬೆಗೂ ನಿಯಮಕ್ಕೂ ಇರುವ ಸಂಬಂಧವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಇಂದು ಬಳಕೆಯಲ್ಲಿರುವ ಬೊಂಬೆಗಳಲ್ಲಿ ೨೮ ಮಿಲಿಮೀಟರ್ ಎತ್ತರದವು ಹೆಚ್ಚು ಜನಪ್ರಿಯ. ಅಂದರೆ ಮನುಷ್ಯನ ಎತ್ತರದ ಸುಮಾರು ಅರವತ್ತನೆಯ ಒಂದು ಭಾಗ. ನೆಪೋಲಿಯನ್ನನ ಕಾಲದ ಬಂದೂಕು ನೂರು ಮೀಟರಿನವರೆಗೆ ಪರಿಣಾಮಕಾರಿಯೆಂದು ಇಟ್ಟುಕೊಂಡರೆ, ಇದೇ ಪ್ರಮಾಣದಲ್ಲಿ ಆ ದೂರ ಮೇಜಿನ ಮೇಲೆ ಸುಮಾರು ಐದೂವರೆ ಅಡಿಯಾಗುತ್ತದೆ. ಆಟದ ಮೇಜು ಸಾಮಾನ್ಯವಾಗಿ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಹಾಗಾದರೆ ಎರಡು ಸೈನ್ಯಗಳು ನಿಂತ ನಿಲುವಿನಲ್ಲೇ ಪರಸ್ಪರ ಗುಂಡಿಗೆ ಸಿಕ್ಕಿಬಿಡುತ್ತವೆ. ನಡೆಗೆ, ವ್ಯೂಹಕ್ಕೆ, ಉಪಾಯಕ್ಕೆ ಎಡೆಯೇ ಉಳಿಯದು.

ಆದಕಾರಣ ನಿಯಮ ನೆಲವನ್ನು ಕುಗ್ಗಿಸುತ್ತದೆ. ಒಂದು ಅಂಗುಲ ಇಷ್ಟು ಹೆಜ್ಜೆಗಳಿಗೆ ಸಮವೆಂದು ವಿಧಿಸುತ್ತದೆ. ಹಾಗೆಯೇ ಒಂದು ಬೊಂಬೆ ಒಬ್ಬ ಯೋಧನಲ್ಲ. ಪ್ರಾಚೀನ ಯುದ್ಧಗಳ ಆಟಗಳಲ್ಲಿ ಒಂದು ಬೊಂಬೆಗೆ ಇಪ್ಪತ್ತು ಮಂದಿ ಎಂಬ ಗಣನೆ ಬಹುಕಾಲ ರೂಢಿಯಲ್ಲಿತ್ತು. ಆ ಲೆಕ್ಕದಂತೆ ಆರುನೂರು ಮಂದಿಯ ಪಡೆಗೆ ಮೂವತ್ತು ಬೊಂಬೆಗಳು. ಮೇಜಿನ ಮೇಲೆ ಕಾಣುವ ಒಂದೇ ಮನೆ ಒಂದು ಹಳ್ಳಿಗೆ ಸಮ. ಕಣ್ಣು ಕಾಣುವುದು ಒಂದು, ಬುದ್ಧಿ ಗ್ರಹಿಸಬೇಕಾದುದು ಇನ್ನೊಂದು. ಭೂಗೋಳದ ಪಾಠದಲ್ಲಿ ನಕ್ಷೆಯ ಪ್ರಮಾಣವನ್ನು ಕಲಿಸಲು ಹೆಣಗುವ ಉಪಾಧ್ಯಾಯರಿಗೆ ಈ ಕಷ್ಟವೂ ಪರಿಚಿತ, ಇದನ್ನು ದಾಟಿದ ವಿದ್ಯಾರ್ಥಿಯ ಆನಂದವೂ ಪರಿಚಿತ.

ದಾಳದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆ ಇದೆ. ದಾಳವೆಂದರೆ ಅದೃಷ್ಟ, ಅದೃಷ್ಟವೆಂದರೆ ನಿಯಮದ ಅಭಾವ ಎಂದು ಭಾವಿಸುವವರು ಉಂಟು. ವಾಸ್ತವವಾಗಿ ಅದು ಸಂಭವನೀಯತೆಯ ಗಣಿತ. ಮೂವತ್ತು ಬೊಂಬೆಗಳು ಗುಂಡು ಹಾರಿಸಿ, ಒಂದೊಂದು ಬೊಂಬೆಗೂ ದಾಳ ಆರು ಬಿದ್ದರೆ ಮಾತ್ರ ಗುರಿ ತಗಲುವುದೆಂದು ವಿಧಿಸಿದರೆ, ಸರಾಸರಿಯಲ್ಲಿ ಐದು ಗುಂಡುಗಳು ತಗಲುತ್ತವೆ. ಒಮ್ಮೆ ಎರಡು, ಒಮ್ಮೆ ಎಂಟು ಆಗಬಹುದು. ಸೇನಾನಿಯ ಯೋಜನೆ ಎರಡಾದಾಗಲೂ ತಾಳಬೇಕು. ಅನಿಶ್ಚಿತತೆಯನ್ನು ಲೆಕ್ಕಕ್ಕೆ ಹಿಡಿಯುವುದನ್ನು ದಾಳ ಕಲಿಸುತ್ತದೆ.

ಇನ್ನು ಬೊಂಬೆಯ ಕಡೆಯ ಶಿಕ್ಷಣವೂ ಅಲ್ಪವಲ್ಲ. ಬೊಂಬೆಗಳು ಹೆಚ್ಚಾಗಿ ಬಣ್ಣವಿಲ್ಲದೆ ಬರುತ್ತವೆ. ಬಣ್ಣ ಹಚ್ಚುವುದು ಆಟಗಾರನ ಕೆಲಸ. ಅಂಗಿಯ ಕೊರಳುಪಟ್ಟಿಗೆ ಯಾವ ಬಣ್ಣ, ಬಾವುಟದ ಚಿಹ್ನೆ ಯಾವುದು ಎಂಬುದನ್ನು ಅರಿಯಲು ಅವನು ಇತಿಹಾಸದ ಗ್ರಂಥಗಳನ್ನು ತೆರೆಯಬೇಕು. ಒಂದು ಪಡೆಗೆ ಬಣ್ಣ ಹಚ್ಚಲು ವಾರಗಟ್ಟಲೆ ಸಂಜೆಗಳು ಬೇಕು. ಇಷ್ಟು ದುಡಿದು ಸಿದ್ಧಪಡಿಸಿದ ಪಡೆಯನ್ನು ಆಟಗಾರನು ಸುಮ್ಮನೆ ಬಲಿಗೊಡಲಾರನು. ಕಾಗದದ ಚೂರಿನ ಬಗೆಗೆ ಹುಟ್ಟದ ಮಮತೆ ಬೊಂಬೆಯ ಬಗೆಗೆ ಹುಟ್ಟುತ್ತದೆ.

ಎರಡು ಹಾದಿಗಳು

ಎರಡನೆಯ ಮಹಾಯುದ್ಧದ ಬಳಿಕ ಈ ಕ್ರೀಡೆ ಎರಡು ಹಾದಿಗಳಾಗಿ ಕವಲೊಡೆಯಿತು. ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ ೧೯೫೪ರಲ್ಲಿ ‘ಟ್ಯಾಕ್ಟಿಕ್ಸ್’ ಎಂಬ ಆಟವನ್ನು ಹೊರತಂದನು. ಅದರಲ್ಲಿ ಬೊಂಬೆಗಳಿರಲಿಲ್ಲ, ಅಚ್ಚು ಹಾಕಿದ ರಟ್ಟಿನ ಚೌಕಗಳೇ ಸೈನ್ಯ. ಇಂಗ್ಲೆಂಡಿನಲ್ಲಾದರೋ ೧೯೫೯ರಿಂದ ಏರ್‌ಫಿಕ್ಸ್ ಸಂಸ್ಥೆಯ ಅಗ್ಗದ ಪ್ಲಾಸ್ಟಿಕ್ ಸೈನಿಕರು ಅಂಗಡಿಗಳಿಗೆ ಬಂದರು. ೧೯೬೨ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಗ್ರಂಥ ಅವುಗಳನ್ನು ಆಡಿಸುವ ಬಗೆಯನ್ನು ತಿಳಿಸಿ, ಅನೇಕರನ್ನು ಈ ಹವ್ಯಾಸಕ್ಕೆ ಸೆಳೆಯಿತು.

೧೯೮೩ರಲ್ಲಿ ಬೊಂಬೆಗಳನ್ನು ಎರಕಹೊಯ್ಯುತ್ತಿದ್ದ ಇಂಗ್ಲಿಷ್ ಸಂಸ್ಥೆಯೊಂದು, ಬೊಂಬೆಗಳ ಮಾರಾಟಕ್ಕೆ ಸಹಾಯಕವಾಗಲೆಂದೇ ‘ವಾರ್‌ಹ್ಯಾಮರ್’ ಎಂಬ ನಿಯಮಾವಳಿಯನ್ನು ಹೊರತಂದಿತು. ವ್ಯಾಪಾರಕ್ಕಾಗಿ ಹುಟ್ಟಿದ ಆ ನಿಯಮಾವಳಿ ಮೂವತ್ತೆರಡು ವರ್ಷ ಬಾಳಿತು. ೨೦೧೫ರಲ್ಲಿ ಅದನ್ನು ನಿಲ್ಲಿಸಿ, ನಾಲ್ಕೇ ಪುಟಗಳ ಹೊಸ ನಿಯಮಗಳುಳ್ಳ ಬೇರೊಂದು ಆಟವನ್ನು ತಂದಾಗ, ಬೊಂಬೆಗಳು ಎಷ್ಟು ಅಂದವಾಗಿದ್ದರೂ, ಎರಡು ಸೈನ್ಯಗಳ ಬಲವನ್ನು ಸಮತೂಗುವ ಅಂಕಗಳ ಲೆಕ್ಕ ಅದರಲ್ಲಿಲ್ಲವೆಂದು ಆಟಗಾರರು ಆಕ್ಷೇಪಿಸಿದರು. ಮರುವರ್ಷ ಆ ಲೆಕ್ಕವನ್ನು ಸೇರಿಸಬೇಕಾಯಿತು. ಹಳೆಯ ಆಟದ ಜಗತ್ತೂ ೨೦೨೪ರಲ್ಲಿ ಹೊಸ ನಿಯಮಪುಸ್ತಕದೊಡನೆ ಮರಳಿತು. ಪೆಟ್ಟಿಗೆಗಳಲ್ಲಿ ಮಲಗಿದ್ದ ಹಳೆಯ ಬೊಂಬೆಗಳು ಮತ್ತೆ ಮೇಜನ್ನೇರಿದವು. ಇತ್ತ ೧೯೯೦ರಲ್ಲಿ ಫಿಲ್ ಬಾರ್ಕರ್ ಮುಂತಾದವರು ರಚಿಸಿದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ಕಿರುಪುಸ್ತಕ, ಒಂದು ಸೈನ್ಯಕ್ಕೆ ಹನ್ನೆರಡೇ ತುಕಡಿಗಳು ಸಾಕೆಂದು ವಿಧಿಸಿ, ಸುಮಾರು ಒಂದು ಗಂಟೆಯಲ್ಲಿ ಮುಗಿಯುವ ಯುದ್ಧವನ್ನು ಸಾಧ್ಯವಾಗಿಸಿತು. ಒಳ್ಳೆಯ ನಿಯಮ ಬೊಂಬೆಗಳ ಸಂಖ್ಯೆಯನ್ನು ತಗ್ಗಿಸಿ, ಕಡಿಮೆ ಹಣವುಳ್ಳವನಿಗೂ ಆಟದ ಬಾಗಿಲನ್ನು ತೆರೆಯಬಲ್ಲದು.

೧೯೪೨ರ ಎರಡು ಆಟಗಳು

ನಿಯಮದ ನಿಜವಾದ ಬೆಲೆ ತಿಳಿಯಬೇಕಾದರೆ ಒಂದೇ ವರ್ಷದಲ್ಲಿ, ಭೂಮಿಯ ಎರಡು ಕಡೆ ನಡೆದ ಎರಡು ಸಮರಕ್ರೀಡೆಗಳನ್ನು ಹೋಲಿಸಿ ನೋಡಬೇಕು. ಇವು ಹವ್ಯಾಸಿಗಳ ಆಟಗಳಲ್ಲ. ಸಾವಿರಾರು ನಾವಿಕರ ಪ್ರಾಣವನ್ನು ಪಣವಾಗಿಟ್ಟು ನಡೆದ ಅಭ್ಯಾಸಗಳು.

೧೯೪೨ರ ಮೇ ತಿಂಗಳ ಆದಿಯಲ್ಲಿ ಜಪಾನಿನ ‘ಯಮಾಟೊ’ ಯುದ್ಧನೌಕೆಯಲ್ಲಿ ಮಿಡ್‌ವೇ ದ್ವೀಪದ ಮೇಲಿನ ದಾಳಿಯ ಯೋಜನೆಯನ್ನು ಆಡಿ ಪರೀಕ್ಷಿಸಲಾಯಿತು. ಆಗ ನಡೆದುದನ್ನು ಫುಚಿದಾ ಮತ್ತು ಒಕುಮಿಯಾ ಎಂಬ ಇಬ್ಬರು ಜಪಾನಿ ನೌಕಾಧಿಕಾರಿಗಳು ಯುದ್ಧಾನಂತರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಎದುರಾಳಿಯ ವಿಮಾನಗಳು ಜಪಾನಿನ ವಿಮಾನವಾಹಕ ನೌಕೆಗಳ ಮೇಲೆರಗಿದಾಗ ಒಕುಮಿಯಾ ನಿಯಮದಂತೆ ದಾಳವನ್ನು ಉರುಳಿಸಿ, ಒಂಬತ್ತು ಬಾಂಬುಗಳು ತಗಲಿ ‘ಅಕಾಗಿ’ ಹಾಗೂ ‘ಕಾಗಾ’ ನೌಕೆಗಳು ಮುಳುಗಿದವೆಂದು ನಿರ್ಣಯಿಸಿದನು. ಆಟದ ಅಧ್ಯಕ್ಷತೆ ವಹಿಸಿದ್ದ ಅಡ್ಮಿರಲ್ ಉಗಾಕಿ ಒಡನೆಯೇ ಅಡ್ಡಬಂದು, ತಗಲಿದ ಬಾಂಬುಗಳು ಮೂರೇ ಎಂದು ತಿದ್ದಿಸಿದನು. ‘ಅಕಾಗಿ’ ಅಲ್ಪ ಗಾಯದೊಡನೆ ಉಳಿಯಿತು. ಮುಳುಗಿದ ‘ಕಾಗಾ’ ಕೂಡ ಮುಂದಿನ ಆಟದಲ್ಲಿ ಮತ್ತೆ ತೇಲಿಬಂದಿತು. ಜೂನ್ ೪ರಂದು ನಿಜವಾದ ಕಾಳಗ ನಡೆಯಿತು. ‘ಅಕಾಗಿ’, ‘ಕಾಗಾ’ ಸೇರಿದಂತೆ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ನಾಶವಾದವು. ಆ ಸೋಲಿಗೆ ಕಾರಣಗಳು ಹಲವು. ದಾಳದ ತಿದ್ದುಪಡಿಯೊಂದೇ ಕಾರಣವೆನ್ನಲಾಗದು. ಆದರೆ ಎಚ್ಚರಿಕೆ ಮೇಜಿನ ಮೇಲೆ ಮೊದಲೇ ಬಂದಿತ್ತು. ಅಧಿಕಾರ ಅದನ್ನು ಅಳಿಸಿಹಾಕಿತು.

ಅದೇ ೧೯೪೨ರ ಜನವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಎಂಬಾತ ಒಂದು ಅಭ್ಯಾಸಕೇಂದ್ರವನ್ನು ಆರಂಭಿಸಿದನು. ಕ್ಷಯರೋಗದ ನಿಮಿತ್ತ ನೌಕಾಪಡೆಯಿಂದ ಬಿಡುಗಡೆ ಹೊಂದಿದ್ದವನು ಆತ. ಅವನ ಸಹಾಯಕರಲ್ಲಿ ಹೆಚ್ಚಿನವರು ನೌಕಾಪಡೆಯ ಮಹಿಳಾ ವಿಭಾಗದ ತರುಣಿಯರು. ಅಲ್ಲಿ ನೋಡತಕ್ಕ ಅಂದದ ಬೊಂಬೆಗಳೇನೂ ಇರಲಿಲ್ಲ. ಲಿನೋಲಿಯಂ ಹಾಸಿದ ನೆಲವೇ ಅಟ್ಲಾಂಟಿಕ್ ಸಾಗರ, ಸೀಮೆಸುಣ್ಣದ ಗೆರೆಗಳೇ ಹಡಗುಗಳ ಜಾಡು. ಕಾವಲು ಹಡಗುಗಳ ಅಧಿಕಾರಿಗಳು ಬಟ್ಟೆಯ ಮರೆಗಳ ಹಿಂದೆ ನಿಂತು, ಕಂಡಿಯಿಂದ ತಮಗೆ ಕಾಣುವಷ್ಟನ್ನೇ ನೋಡಬೇಕು. ಸಮುದ್ರದ ಮೇಲೆ ಕಾಣದುದು ಇಲ್ಲಿಯೂ ಕಾಣಬಾರದೆಂಬುದು ಕಟ್ಟುನಿಟ್ಟಾದ ನಿಯಮ. ಈ ನೆಲದ ಮೇಲೆ ಆಡಿ ಆಡಿ, ಜರ್ಮನಿಯ ಜಲಾಂತರ್ಗಾಮಿಗಳು ರಾತ್ರಿಯಲ್ಲಿ ಸರಕು ಹಡಗುಗಳ ಸಾಲುಗಳ ನಡುವೆಯೇ ನುಗ್ಗಿ ಹೊಡೆಯುತ್ತಿವೆ ಎಂಬ ತೀರ್ಮಾನಕ್ಕೆ ರಾಬರ್ಟ್ಸನ ತಂಡ ಬಂದಿತು. ಅದಕ್ಕೆ ತಕ್ಕ ಪ್ರತಿತಂತ್ರಗಳನ್ನು ರೂಪಿಸಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು ಐದು ಸಾವಿರ ಅಧಿಕಾರಿಗಳು ಅಲ್ಲಿ ತರಬೇತಿ ಪಡೆದಿದ್ದರು.

ಆ ವರ್ಷದ ನವೆಂಬರಿನಲ್ಲಿ ಆ ವಿಭಾಗದ ಮುಖ್ಯಾಧಿಕಾರಿಯಾಗಿ ಬಂದ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಸ್ವತಃ ಜಲಾಂತರ್ಗಾಮಿಗಳ ನಿಪುಣನಾಗಿದ್ದನು. ಅವನು ಜಲಾಂತರ್ಗಾಮಿಯ ಪಕ್ಷವಹಿಸಿ ಆಡಿ, ಐದು ಬಾರಿಯೂ ಸೋತನೆಂದೂ, ಎದುರಾಗಿ ಕಾವಲು ಹಡಗುಗಳನ್ನು ನಡೆಸಿದವಳು ಸುಮಾರು ಇಪ್ಪತ್ತು ವರ್ಷದ ಜ್ಯಾನೆಟ್ ಓಕೆಲ್ ಎಂಬ ತರುಣಿಯೆಂದೂ ಆ ಕೇಂದ್ರದ ಇತಿಹಾಸಕಾರರು ಬರೆದಿದ್ದಾರೆ. ಅಡ್ಮಿರಲನ ಮುಖ ನೋಡಿ ಯಾರೂ ಲೆಕ್ಕವನ್ನು ತಿದ್ದಲಿಲ್ಲ, ಅವನೂ ತಿದ್ದಿಸಲಿಲ್ಲ.

ಎರಡು ಆಟಗಳಲ್ಲಿಯೂ ನಿಯಮಗಳಿದ್ದವು, ದಂಡಿನ ಉನ್ನತಾಧಿಕಾರಿಗಳಿದ್ದರು. ಭೇದವಿದ್ದುದು ಒಂದೇ ಅಂಶದಲ್ಲಿ. ಒಂದೆಡೆ ನಿಯಮ ಪದವಿಗೆ ತಲೆಬಾಗಿತು. ಇನ್ನೊಂದೆಡೆ ಪದವಿ ನಿಯಮಕ್ಕೆ ತಲೆಬಾಗಿತು. ಮಧ್ಯಸ್ಥನ ವಿವೇಕವನ್ನು ನೆಚ್ಚಬಹುದೇ ಎಂಬ ಹತ್ತೊಂಬತ್ತನೆಯ ಶತಮಾನದ ಪ್ರಶ್ನೆಗೆ ಇದೇ ಉತ್ತರ. ನಿಯಮ ಪುಸ್ತಕದಲ್ಲಿದ್ದರೆ ಸಾಲದು, ಸೋಲು ತನ್ನದಾದಾಗಲೂ ಅದನ್ನು ಪಾಲಿಸುವ ಮನಸ್ಸಿರಬೇಕು.

ಸಮನ್ವಯ

ಹೀಗಿರಲು ನಿಯಮ ದೊಡ್ಡದೋ ಬೊಂಬೆ ದೊಡ್ಡದೋ ಎಂಬ ವಾದಕ್ಕೆ ಎರಡಕ್ಕೂ ಅದರದರ ಸ್ಥಾನವನ್ನು ಗೊತ್ತುಪಡಿಸುವುದೇ ಪರಿಹಾರ. ಬೊಂಬೆಯಿಲ್ಲದೆ ಆಟ ನಡೆಯುತ್ತದೆ. ಲಿವರ್‌ಪೂಲಿನ ಸೀಮೆಸುಣ್ಣದ ಗೆರೆ ಅದಕ್ಕೆ ಸಾಕ್ಷಿ. ನಿಯಮವಿಲ್ಲದೆ ಬೊಂಬೆಗಳ ಸಾಲು ನೋಟವಾಗುತ್ತದೆ, ಆಟವಾಗದು. ಈ ಅರ್ಥದಲ್ಲಿ ನಿಯಮವೇ ಹಿರಿದು. ಆದರೆ ನಿಯಮಪುಸ್ತಕವನ್ನು ಓದಿ ಮೇಜಿನ ಬಳಿಗೆ ಬಂದ ಬಾಲಕರು ವಿರಳ. ಬಣ್ಣದ ಸೈನಿಕನನ್ನು ಕಂಡು ಬಂದವರೇ ಹೆಚ್ಚು. ಶಾಲೆಯ ಗೋಡೆಯ ಮೇಲಿನ ಚಿತ್ರಪಟ, ಪ್ರಯೋಗಶಾಲೆಯ ಗಾಜಿನ ನಳಿಕೆ, ಭೂಗೋಳದ ಗುಂಡು, ಇವೆಲ್ಲವೂ ಬೊಂಬೆಯ ಕೆಲಸವನ್ನೇ ಮಾಡುತ್ತವೆ. ಅವು ಮಗುವಿನ ಕಣ್ಣನ್ನು ಕರೆತರುತ್ತವೆ. ಬಂದ ಮೇಲೆ ಸೂತ್ರವನ್ನು, ಪ್ರಮಾಣವನ್ನು, ಕ್ರಮವನ್ನು ಕಲಿಸದೆ ಹೋದರೆ ಪ್ರಯೋಗಶಾಲೆಯೂ ಬೊಂಬೆಗಳ ಕೋಣೆಯಾಗಿಯೇ ಉಳಿಯುತ್ತದೆ. ಇಂಥ ಉಪಕರಣಗಳಿಗೆ ನೆರವಾಗುವ ದಾನಿಗಳೂ, ಅವುಗಳನ್ನು ಬಳಸುವ ಅಧ್ಯಾಪಕರೂ ಈ ಎರಡು ಹಂತಗಳನ್ನು ಒಟ್ಟಿಗೆ ನೆನೆಯುವುದು ಯುಕ್ತ.

ಜಗಲಿಯ ಮೇಲಿನ ಆಡು-ಹುಲಿ ಆಟದಲ್ಲಿ ತನ್ನ ಹುಲಿ ಕದಲಲಾಗದಂತೆ ಸಿಕ್ಕಿಬಿದ್ದುದನ್ನು ಕಂಡ ಹುಡುಗನು ಒಂದು ಕ್ಷಣ ಸುತ್ತ ನೋಡುತ್ತಾನೆ. ಎದುರಿನವನ ಗಮನ ಬೇರೆಡೆಗಿದ್ದರೆ ಹರಳನ್ನು ಒಂದು ಮನೆ ಸರಿಸುವುದು ಕಷ್ಟವೇನಲ್ಲ. ಸರಿಸದೆ, ಹರಳನ್ನು ತಾನೇ ಎತ್ತಿ ಸೋಲೊಪ್ಪಿಕೊಂಡವನು ಆ ದಿನ ಆಟದಲ್ಲಿ ಸೋತಿರಬಹುದು. ಯಮಾಟೊ ನೌಕೆಯ ಮೇಜಿನ ಬಳಿ ಕುಳಿತಿದ್ದ ಹಿರಿಯರು ಕಲಿಯದೆ ಉಳಿದ ಪಾಠ ಅವನಿಗೆ ಜಗಲಿಯ ಮೇಲೆಯೇ ಒದಗಿದೆ.